‘ನನ್ ಫೋನ್‌ನಾಗ ಏನೈತಿ ಬಿಡಲೇ’ ಅನ್ನೋರಿಗೆ ಒಂದು ಪಾಠ

ಚಿತ್ತವಾಡ್ಗಿಯ ನಮ್ಮ ರೂಮಿನಲ್ಲಿ ನಾಲ್ಕು ಜನ. ರಾತ್ರಿ ಊಟ ಆದ್ಮೇಲೆ ನಡೆಯೋ ವಾದಗಳಲ್ಲಿ ಒಂದು ಮಾತ್ರ ಇವತ್ತಿಗೂ ಮುಗಿದಿಲ್ಲ. ಅದು ಶುರುವಾಗಿದ್ದು 2025ರ ಡಿಸೆಂಬರ್ ಮೊದಲ ವಾರದಲ್ಲಿ. ಇನ್ನು ಮುಂದೆ ಮಾರಾಟವಾಗೋ ಹೊಸ ಫೋನ್‌ಗಳಲ್ಲಿ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಹಾಕಿರಬೇಕು ಅಂತ ಕೇಂದ್ರದ ದೂರಸಂಪರ್ಕ ಇಲಾಖೆ ನವೆಂಬರ್ 28ರಂದು ಫೋನ್ ಕಂಪನಿಗಳಿಗೆ ಆದೇಶ ಕೊಟ್ಟಿತ್ತು. ಆ್ಯಪ್ ಕೆಲಸಕ್ಕೆ ಬಾರದ್ದೇನಲ್ಲ. ಕಳೆದುಹೋದ ಫೋನ್ ಬ್ಲಾಕ್ ಮಾಡಬಹುದು, ನಮ್ಮ ಹೆಸರಲ್ಲಿ ಬೇರೆ ಯಾರಾದ್ರೂ ಸಿಮ್ ತಗೊಂಡಿದ್ದಾರಾ ಅಂತ ನೋಡಬಹುದು. ಆದ್ರೆ ‘ಬೇಕಾದ್ರೆ ಹಾಕ್ಕೊಳ್ಳಿ’ ಅನ್ನೋದಕ್ಕೂ ‘ಇರಲೇಬೇಕು’ ಅನ್ನೋದಕ್ಕೂ ವ್ಯತ್ಯಾಸ ಇದೆ. ದೇಶದ ತುಂಬಾ ವಿರೋಧ ಬಂತು, ಡಿಸೆಂಬರ್ 3ಕ್ಕೆ ಸರ್ಕಾರ ಕಡ್ಡಾಯವನ್ನು ವಾಪಸ್ ತಗೊಂಡಿತು.

ಅವತ್ತು ನಮ್ಮ ರೂಮ್‌ಮೇಟ್ ಹೇಳಿದ ಮಾತು: “ನನ್ ಫೋನ್‌ನಾಗ ಏನೈತಿ ಬಿಡಲೇ! ನೋಡ್ಕಂಡ್ರೆ ನೋಡ್ಕಳ್ಳಿ.”

ಈ ಮಾತನ್ನ ನೀವೂ ಹೇಳಿರ್ತೀರ. ನಾನೂ ಹೇಳ್ತಿದ್ದೆ. ಅವನಿಗೆ ಅವತ್ತು ಸರಿಯಾದ ಉತ್ತರ ಕೊಡೋಕೆ ಆಗಲಿಲ್ಲ. ಆಮೇಲೆ ಒಂದಿಷ್ಟು ಓದಿಕೊಂಡೆ. ಇದು ಆ ಉತ್ತರ.

ಮಾತು ಬೇರೆ, ಮಾತಿನ ಲೆಕ್ಕ ಬೇರೆ

ಕಣ್ಗಾವಲು ಅಂದ ತಕ್ಷಣ ನಮಗೆ ಹೊಳೆಯೋದು ಸಿನಿಮಾದ ದೃಶ್ಯ: ಕತ್ತಲೆ ರೂಮು, ಹೆಡ್‌ಫೋನ್ ಹಾಕ್ಕೊಂಡು ನಮ್ಮ ಮಾತು ಕೇಳ್ತಾ ಕೂತಿರೋ ಒಬ್ಬ ಮನುಷ್ಯ. ನಿಜವಾದ ಕೆಲಸದ ಬಹುಪಾಲು ಹೀಗೆ ನಡೆಯಲ್ಲ. ನೀವು ಏನು ಮಾತಾಡಿದ್ರಿ ಅನ್ನೋದು ಒಂದು. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್ ಕೆಳಗಿಂದ ಮಾತಾಡಿದ್ರಿ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಮೆಟಾಡೇಟಾ ಅಂತಾರೆ. ನಾನು ಅದನ್ನ ಮಾತಿನ ಲೆಕ್ಕ ಅಂತ ಕರೀತೀನಿ.

ಒಂದು ಉದಾಹರಣೆ. ಒಂದು ಫೋನ್ ರಾತ್ರಿ ಹತ್ತರಿಂದ ಬೆಳಗ್ಗೆ ಏಳರ ತನಕ ಚಿತ್ತವಾಡ್ಗಿಯ ಟವರ್‌ನಲ್ಲಿರುತ್ತೆ: ಮಲಗೋ ಜಾಗ ಗೊತ್ತಾಯ್ತು. ಹಗಲು ಕಾಲೇಜಿನ ಟವರ್‌ನಲ್ಲಿ: ವಿದ್ಯಾರ್ಥಿ. ತಿಂಗಳಿಗೆರಡು ಶನಿವಾರ ಕಂಪ್ಲಿಯಲ್ಲಿ: ಅಲ್ಲಿ ಸ್ವಂತ ಊರು. ಒಂದು ಮಂಗಳವಾರ ಮಧ್ಯಾಹ್ನ ಆಸ್ಪತ್ರೆಗೆ ಎರಡು ನಿಮಿಷದ ಕರೆ, ನಂತರ ಲ್ಯಾಬಿಗೆ ಒಂದು, ರಾತ್ರಿ ಹನ್ನೊಂದಕ್ಕೆ ಅಕ್ಕನಿಗೆ ಐವತ್ತು ನಿಮಿಷದ ಕರೆ. ಒಂದೇ ಒಂದು ಮಾತೂ ಕೇಳಿಲ್ಲ. ಆದ್ರೂ ಆ ಮನೆಯಲ್ಲಿ ಏನೋ ನಡೆದಿದೆ ಅಂತ ನಿಮಗೂ ತಿಳೀತು.

ವಾಟ್ಸ್‌ಆ್ಯಪ್ 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಕೊಡ್ತಿದೆ. ಅಂದ್ರೆ ಮೆಸೇಜ್ ನಿಮ್ಮ ಫೋನ್‌ನಲ್ಲಿ ಲಾಕ್ ಆಗಿ, ಎದುರಿನವರ ಫೋನ್‌ನಲ್ಲೇ ತೆರೆಯುತ್ತೆ, ನಡುವೆ ಕಂಪನಿಗೂ ಓದೋಕಾಗಲ್ಲ. ಒಳ್ಳೆಯದೇ. ಆದ್ರೆ ಅದು ಮುಚ್ಚೋದು ಮಾತನ್ನ, ಲೆಕ್ಕವನ್ನಲ್ಲ. ಇನ್ನು ಮಾಮೂಲಿ ಕರೆಗಳ ಲೆಕ್ಕವನ್ನ ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟಿರಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ನಿಯಮ ಬದಲಾಯ್ತು. ಅದಕ್ಕೂ ಮೊದಲು ಒಂದು ವರ್ಷ ಇತ್ತು. ಕರೆ ಕದ್ದು ಕೇಳೋಕೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು. ಕರೆಗಳ ಲೆಕ್ಕ ತರಿಸ್ಕೊಳ್ಳೋಕೆ ಅಷ್ಟು ಎತ್ತರಕ್ಕೆ ಹೋಗಬೇಕಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಇದೇ ಲೆಕ್ಕದಿಂದಲೇ ಕಳೆದುಹೋದ ಮಕ್ಕಳು ಸಿಗ್ತಾರೆ, ಓಟಿಪಿ ಕೇಳಿ ದುಡ್ಡು ಹೊಡೆಯೋರು ಸಿಕ್ಕಿಬೀಳ್ತಾರೆ. ಪೊಲೀಸರಿಗೆ ಈ ಅಧಿಕಾರವೇ ಬೇಡ ಅಂತ ನಾನು ವಾದ ಮಾಡ್ತಿಲ್ಲ. ನನ್ನ ಪ್ರಶ್ನೆ ಬೇರೆ: ನೋಡೋರನ್ನ ನೋಡೋರು ಯಾರು?

ನಮ್ಮ ರಾಜ್ಯದಲ್ಲೇ ನಡೆದದ್ದು

ಈ ಪ್ರಶ್ನೆಗೆ ಅಮೆರಿಕದ ಉದಾಹರಣೆ ಹುಡುಕಬೇಕಿಲ್ಲ. ಫೋನ್ ಕದ್ದಾಲಿಕೆ ವಿಚಾರದಲ್ಲಿ ಒಬ್ಬ ಮುಖ್ಯಮಂತ್ರಿಯೇ ಕುರ್ಚಿ ಬಿಟ್ಟ ರಾಜ್ಯ ನಮ್ಮದು. 1988ರಲ್ಲಿ ರಾಜಕಾರಣಿಗಳ ಫೋನ್ ಕದ್ದಾಲಿಸಲಾಗಿದೆ ಅನ್ನೋ ಆರೋಪ ದೊಡ್ಡದಾಗಿ, ಆ ವರ್ಷದ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಆಗ ಮನೆಗೆ ಫೋನ್ ಇರೋದೇ ದೊಡ್ಡ ವಿಷಯ.

31 ವರ್ಷ ಬಿಟ್ಟು 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಮಾತು. ಹಿಂದಿನ ಸರ್ಕಾರದ ಕಾಲದಲ್ಲಿ ಫೋನ್ ಕದ್ದಾಲಿಕೆ ನಡೆದಿದೆ ಅನ್ನೋ ಆರೋಪದ ತನಿಖೆಯನ್ನು ಯಡಿಯೂರಪ್ಪ ಸರ್ಕಾರ ಸಿಬಿಐಗೆ ಒಪ್ಪಿಸಿತು. 2021ರ ಜುಲೈನಲ್ಲಿ ಪೆಗಾಸಸ್ ಸುದ್ದಿ ಬಂದಾಗ, ಗುರಿಯಾಗಿದ್ದಿರಬಹುದಾದ ನಂಬರುಗಳ ಪಟ್ಟಿಯಲ್ಲಿ 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ನಂಬರೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರುಗಳೂ ಇವೆ ಅಂತ ವರದಿಯಾಯ್ತು. ಪಟ್ಟಿಯಲ್ಲಿ ನಂಬರ್ ಇದ್ದ ಮಾತ್ರಕ್ಕೆ ಫೋನ್ ಹ್ಯಾಕ್ ಆಗಿತ್ತು ಅಂತ ಅರ್ಥ ಅಲ್ಲ.

ಪೆಗಾಸಸ್ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಸಾಫ್ಟ್‌ವೇರ್. ಹಳೇ ಕದ್ದಾಲಿಕೆ ತಂತಿಯ ನಡುವೆ ಕಿವಿ ಇಡ್ತಿತ್ತು. ಇದು ಫೋನ್ ಒಳಗೇ ಬಂದು ಕೂರುತ್ತೆ. ಮೆಸೇಜ್‌ನ ಲಾಕ್ ತೆರೆದು ನೀವು ಓದೋ ಜಾಗದಲ್ಲೇ ಅದೂ ಓದುತ್ತೆ, ಹಾಗಾಗಿ ಎನ್‌ಕ್ರಿಪ್ಶನ್ ಇಲ್ಲಿ ಕಾಪಾಡಲ್ಲ. ಮೈಕ್, ಕ್ಯಾಮೆರಾ ಕೂಡ ಅದರ ಕೈಗೆ. ಕೆಲವು ಸಲ ಯಾವ ಲಿಂಕೂ ಒತ್ತದೆ ಅದು ಫೋನ್ ಸೇರಬಲ್ಲದು. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಸಮಿತಿ ಪರೀಕ್ಷಿಸಿದ 29 ಫೋನ್‌ಗಳಲ್ಲಿ ಐದರಲ್ಲಿ ಯಾವುದೋ ಮಾಲ್‌ವೇರ್ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದ್ದನ್ನ ಕೋರ್ಟೇ 2022ರ ಆಗಸ್ಟ್‌ನಲ್ಲಿ ತಿಳಿಸಿತು.

ಇದರಲ್ಲಿ ಒಂದು ಗಮನಿಸಿ. ಕಾಂಗ್ರೆಸ್, ಜನತಾ, ಬಿಜೆಪಿ, ಎಲ್ಲರ ಕಾಲದಲ್ಲೂ ಆರೋಪ ಬಂದಿದೆ, ಎಲ್ಲರೂ ಒಮ್ಮೆ ದೂರಿದ್ದಾರೆ, ಒಮ್ಮೆ ದೂರಿಸಿಕೊಂಡಿದ್ದಾರೆ. ಅಂದ್ರೆ ಇದು ಪಕ್ಷದ ಪ್ರಶ್ನೆ ಅಲ್ಲ. ಕೀಲಿ ಯಾರ ಕೈಗೆ ಬಂದರೂ ಬೀಗ ತೆಗೆಯೋ ಆಸೆ ಬರುತ್ತೆ.

ಎರಡು ಸೆಕೆಂಡಿನ ಲೆಕ್ಕ

ಹಾಗಾದ್ರೆ ನಿಯಮ ಇಲ್ವಾ? ಇದೆ. ಕದ್ದಾಲಿಕೆಗೆ ಬಹಳ ಕಾಲ ಆಧಾರವಾಗಿದ್ದದ್ದು ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆ. 1996ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಡಿವಾಣ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶಕ್ಕೆ ಅವಧಿ ಇರಬೇಕು, ಪರಿಶೀಲನಾ ಸಮಿತಿ ಅದನ್ನ ನೋಡಬೇಕು. 2007ರಲ್ಲಿ ಇದು ನಿಯಮವಾಯ್ತು: ಒಂದು ಆದೇಶ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರಬಾರದು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳು ಬಂದವು. ಆದ್ರೆ ಪರಿಶೀಲನಾ ಸಮಿತಿಯಲ್ಲಿ ಇವತ್ತಿಗೂ ಇರೋದು ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಾಧೀಶರು ಒಬ್ಬರೂ ಇಲ್ಲ.

ಆ ಸಮಿತಿಯ ಕೆಲಸ ಎಷ್ಟು? ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಹೇಳಿದ ಪ್ರಕಾರ, ಎರಡು ತಿಂಗಳಿಗೊಮ್ಮೆ ಸೇರೋ ಪರಿಶೀಲನಾ ಸಮಿತಿಯ ಒಂದೊಂದು ಸಭೆಯ ಮುಂದೆ 15,000ದಿಂದ 18,000 ಆದೇಶಗಳು ಇರುತ್ತವೆ. ನಾವು ಇಂಜಿನಿಯರಿಂಗ್‌ನವರು, ಲೆಕ್ಕ ಹಾಕೋಣ. ಎಂಟು ಗಂಟೆ ಚಹಾ ಕೂಡ ಕುಡಿಯದೆ ಕೂತರು ಅಂತಿಟ್ಕೊಳ್ಳಿ. ಎಂಟು ಗಂಟೆ ಅಂದ್ರೆ 28,800 ಸೆಕೆಂಡ್. ಅದನ್ನ 15,000ದಿಂದ ಭಾಗಿಸಿ. ಒಂದು ಆದೇಶಕ್ಕೆ ಎರಡು ಸೆಕೆಂಡೂ ಸಿಗಲ್ಲ. ನಮ್ಮ ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕೋರು ಇದಕ್ಕಿಂತ ಹೆಚ್ಚು ಹೊತ್ತು ನೋಡ್ತಾರೆ.

“ಗುಟ್ಟಿನ ಕೆಲಸ ಅಲ್ಲವಾ, ಲೆಕ್ಕ ಹೇಂಗ್ ಕೊಡ್ತಾರಲೇ?” ಅಂತ ರೂಮ್‌ಮೇಟ್ ಕೇಳಿದ. ನಾನು ಡ್ಯಾಂ ಕಡೆ ಕೈ ತೋರಿಸಿದೆ. ಟಿ.ಬಿ. ಡ್ಯಾಂಗೆ 33 ಗೇಟು. ಮಳೆಗಾಲದಲ್ಲಿ ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಅಂತ ದಿನಾ ಪೇಪರಿನಲ್ಲಿ ಬರುತ್ತೆ. ಹಂಚಿಕೊಳ್ಳೋ ರಾಜ್ಯಗಳಿಗೂ ಗೊತ್ತಿರುತ್ತೆ, ಕಾಲುವೆ ಕೊನೆಯ ರೈತನಿಗೂ ಗೊತ್ತಿರುತ್ತೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಎಷ್ಟು ನೀರು ಹೋಗ್ತಿದೆ ಅಂತ ಬೆಳಗ್ಗೆಯೇ ಜನ ಕೇಳಿದರು, ಉತ್ತರ ಕೊಡಲೇಬೇಕಾಯ್ತು. ಲೆಕ್ಕ ಹೇಳಿದ್ದರಿಂದ ಡ್ಯಾಂಗೆ ಏನೂ ಆಗಲಿಲ್ಲ. ಹಾಗೇ, ಯಾರ ಫೋನ್ ಅಂತ ಹೇಳೋದು ಬೇಡ. ವರ್ಷಕ್ಕೆ ಎಷ್ಟು ಆದೇಶ ಕೊಟ್ಟಿರಿ, ಸಮಿತಿ ಎಷ್ಟನ್ನ ತಿರಸ್ಕರಿಸಿತು ಅಂತ ಹೇಳಬಹುದಲ್ಲ?

ಪುಟ್ಟಸ್ವಾಮಿಯವರು ಬಿಟ್ಟುಹೋದ ಪ್ರಶ್ನೆಗಳು

ಖಾಸಗಿತನ ಮೂಲಭೂತ ಹಕ್ಕು ಅನ್ನೋ ತೀರ್ಪಿಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿತು. 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ಉಳಿಯಿತು, ಆದ್ರೆ ಮಿತಿಗಳ ಜೊತೆ. ನೀಟ್, ಸಿಬಿಎಸ್‌ಇ, ಯುಜಿಸಿ ಆಧಾರ್ ಕಡ್ಡಾಯ ಮಾಡೋ ಹಾಗಿಲ್ಲ ಅಂದಿದ್ದು ಆ ತೀರ್ಪೇ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

2017ರ ತೀರ್ಪಿನ ಅಳತೆಗೋಲನ್ನ ನಮ್ಮ ಭಾಷೆಯಲ್ಲಿ ಮೂರು ಪ್ರಶ್ನೆ ಮಾಡಬಹುದು. ಇದಕ್ಕೆ ಕಾನೂನು ಇದೆಯಾ? ಉದ್ದೇಶ ನ್ಯಾಯವಾದದ್ದಾ? ಆ ಉದ್ದೇಶಕ್ಕೆ ಇಷ್ಟೆಲ್ಲ ಬೇಕಾ?

2020ರ ಮಾರ್ಚ್ ಕೊನೆಯಲ್ಲಿ ನಮ್ಮ ರಾಜ್ಯ ‘ಕ್ವಾರಂಟೈನ್ ವಾಚ್’ ಆ್ಯಪ್ ತಂದಿತು. ಮನೆಯಲ್ಲಿ ಕ್ವಾರಂಟೈನ್ ಆದವರು ರಾತ್ರಿ ಹತ್ತರಿಂದ ಬೆಳಗ್ಗೆ ಏಳರ ತನಕ ಬಿಟ್ಟು ಗಂಟೆಗೊಂದು ಸೆಲ್ಫಿ ಕಳಿಸಬೇಕು, ಸೆಲ್ಫಿ ಜೊತೆ ಜಾಗದ ವಿವರವೂ ಹೋಗುತ್ತೆ. ಅಂಥವರ ಮನೆ ವಿಳಾಸಗಳನ್ನ ಸರ್ಕಾರವೇ ಆನ್‌ಲೈನ್‌ನಲ್ಲಿ ಪ್ರಕಟಿಸಿದ್ದೂ ಅದೇ ತಿಂಗಳು. ಉದ್ದೇಶ ನ್ಯಾಯವಾದದ್ದು, ಸೋಂಕು ತಡೆಯೋದು. ಆದ್ರೆ ಬೀದಿಯವರೆಲ್ಲ ಓದೋ ಹಾಗೆ ವಿಳಾಸ ಹಾಕೋದು ಬೇಕಿತ್ತಾ? ಮೂರನೇ ಪ್ರಶ್ನೆಯಲ್ಲಿ ಅದು ಫೇಲು.

ಇನ್ನು 2023ರಲ್ಲಿ ನಮಗೆ ಡೇಟಾ ರಕ್ಷಣೆ ಕಾಯ್ದೆಯೂ ಬಂತು. ಕಂಪನಿಗಳು ನಮ್ಮ ಒಪ್ಪಿಗೆ ಕೇಳಬೇಕು ಅನ್ನುತ್ತೆ. ಆದ್ರೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಗೆ ಬೇಕಾದರೂ ಅದರಿಂದ ವಿನಾಯಿತಿ ಕೊಡಬಹುದು.

ನಮ್ಮ ಮಿನಿ ಪ್ರಾಜೆಕ್ಟ್

ಇಷ್ಟು ಹೊತ್ತು ಸರ್ಕಾರದ ಮೇಲೆ ಹೇಳಿದೆ. ಈಗ ನನ್ನ ಮೇಲೆ.

ಮೂರನೇ ವರ್ಷದಲ್ಲಿ ನಾವು ಮಾಡಿದ್ದು ಎಲ್ಲರೂ ಮಾಡೋ ಪ್ರಾಜೆಕ್ಟೇ: ಮುಖ ನೋಡಿ ಅಟೆಂಡೆನ್ಸ್ ಹಾಕೋ ಸಿಸ್ಟಮ್. ಕ್ಲಾಸಿನ 62 ಜನರ ಫೋಟೋ ಬೇಕಿತ್ತು. ಕ್ಲಾಸ್ ಗ್ರೂಪಿಂದ, ಫೆಸ್ಟ್ ಆಲ್ಬಮ್ಮಿಂದ ತೆಗೆದು, ಮುಖ ಕತ್ತರಿಸಿ, ಪ್ರತಿಯೊಂದರ ಫೈಲಿಗೂ ಹೆಸರು, ಯುಎಸ್‌ಎನ್ ಹಾಕಿದ್ವಿ. ಕೋಡ್ ಜೊತೆ ಅದನ್ನೂ ಎಲ್ಲರಿಗೂ ಕಾಣೋ ರೆಪೊಸಿಟರಿಗೆ ಏರಿಸಿದ್ವಿ. ವೈವಾದಲ್ಲಿ ಅಕ್ಯುರಸಿ ಎಷ್ಟು ಅಂತ ಕೇಳಿದರು, ಹೇಳಿದ್ವಿ, ಒಳ್ಳೆ ಮಾರ್ಕ್ಸ್ ಬಂತು.

ಎರಡು ತಿಂಗಳಾದ ಮೇಲೆ ಕ್ಲಾಸಿನ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದಳು: “ನನ್ ಫೋಟೋ, ಹೆಸ್ರು ಅಲ್ಲಿ ಯಾಕದಾವ? ನೀವ್ ನನ್ನ ಕೇಳಿದ್ರೇನು?” ಅವಳ ದೂರದ ನೆಂಟನೊಬ್ಬ ಅವಳ ಹೆಸರು ಹುಡುಕಿದಾಗ ಅದು ಸಿಕ್ಕಿತ್ತಂತೆ. “ಬರೀ ಫೋಟೋ ಅಲ್ವಾ, ಅದ್ರಾಗ ಏನೈತಿ” ಅಂತ ನನ್ನ ಬಾಯಿಗೆ ಬಂತು. ಬಂದಿದ್ದನ್ನ ನುಂಗಿದೆ. ಅದು ರೂಮ್‌ಮೇಟ್ ಆಡಿದ ಮಾತೇ. ಅವನು ತನ್ನ ಫೋನ್ ಬಗ್ಗೆ ಹೇಳಿದ್ದ, ನಾನು ಅವಳ ಮುಖದ ಬಗ್ಗೆ ಹೇಳೋಕೆ ಹೊರಟಿದ್ದೆ.

ಅವತ್ತೇ ಅಳಿಸಿದ್ವಿ. ಆದ್ರೆ ಅಷ್ಟರಲ್ಲಿ ಯಾರೋ ಇಬ್ಬರು ಅದರ ನಕಲು ತಗೊಂಡಿದ್ದರು. ಮೆಸೇಜ್ ಮಾಡಿದೆ. ಒಬ್ಬ ಅಳಿಸಿದ. ಇನ್ನೊಬ್ಬನಿಂದ ಇವತ್ತಿಗೂ ಉತ್ತರ ಇಲ್ಲ.

‘ನನ್ನ ಹತ್ರ ಮುಚ್ಚಿಡೋದು ಏನೂ ಇಲ್ಲ’ ಅನ್ನೋದು ನಮ್ಮ ಬಗ್ಗೆ ನಾವು ಹೇಳ್ಕೊಳ್ಳಬಹುದಾದ ಮಾತು, ಅಷ್ಟೇ. ಬೇರೆಯವರ ಪರವಾಗಿ ಹೇಳೋ ಹಕ್ಕು ಸರ್ಕಾರಕ್ಕೂ ಇಲ್ಲ, ಕಂಪನಿಗೂ ಇಲ್ಲ, ಮಿನಿ ಪ್ರಾಜೆಕ್ಟ್ ಟೀಮಿಗೂ ಇಲ್ಲ. ನಾಳೆ ನಮ್ಮಲ್ಲೇ ಯಾರೋ ಸಿಸಿಟಿವಿ ಸಾಫ್ಟ್‌ವೇರ್ ಬರೀತಾರೆ, ಯಾರೋ ಟೆಲಿಕಾಂ ಕಂಪನಿ ಸೇರ್ತಾರೆ, ಯಾರೋ ಇಲಾಖೆಯ ಆ್ಯಪ್ ಟೆಂಡರಿಗೆ ಕೋಡ್ ಬರೀತಾರೆ. ಎಷ್ಟು ಡೇಟಾ, ಎಷ್ಟು ದಿನ, ಯಾರು ನೋಡಬಹುದು, ನೋಡಿದ್ದು ಎಲ್ಲಿ ದಾಖಲಾಗುತ್ತೆ ಅನ್ನೋದು ಆಗ ನಮ್ಮ ಸ್ಕ್ರೀನ್ ಮೇಲೇ ನಿರ್ಧಾರ ಆಗುತ್ತೆ.

ಸದ್ಯಕ್ಕೆ ಮಾಡಬಹುದಾದ್ದು ಸಣ್ಣದು. ಫೋನ್ ಸೆಟ್ಟಿಂಗ್‌ಗೆ ಹೋಗಿ ಯಾವ ಆ್ಯಪ್‌ಗೆ ಲೊಕೇಶನ್, ಮೈಕ್ ಕೊಟ್ಟಿದ್ದೀರ ನೋಡಿ, ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಬೇಕಿಲ್ಲ. ವಾಟ್ಸ್‌ಆ್ಯಪ್ ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಬೇರೆಯಾಗಿ ಆನ್ ಮಾಡಬೇಕು, ಮಾಡಿ. ಫೋನ್ ಅಪ್‌ಡೇಟ್ ಮುಂದೂಡಬೇಡಿ. ಪ್ರಾಜೆಕ್ಟಿಗೆ ಮುಖ, ಧ್ವನಿ, ನಂಬರ್ ಬೇಕಾದ್ರೆ ಮೊದಲು ಕೇಳಿ, ಮುಗಿದ ಮೇಲೆ ಅಳಿಸಿ, ಅಳಿಸಿದ್ದನ್ನ ರಿಪೋರ್ಟಿನಲ್ಲಿ ಬರೀರಿ.

ಕೊನೆ ವರ್ಷದಲ್ಲಿ ಅದೇ ಸಿಸ್ಟಮ್ ಮತ್ತೆ ಮಾಡಿದ್ವಿ. ಈ ಸಲ ಒಂದು ಹಾಳೆಯಲ್ಲಿ ಒಪ್ಪಿಗೆ ಕೇಳಿದ್ವಿ. 62 ಜನರಲ್ಲಿ 41 ಜನ ಸಹಿ ಹಾಕಿದರು. ಮಿಕ್ಕವರಿಗೆ ಹಳೇ ಅಟೆಂಡೆನ್ಸ್ ರಿಜಿಸ್ಟರೇ. ಆ ಹುಡುಗಿ ಸಹಿ ಹಾಕಲಿಲ್ಲ. ಯಾಕೆ ಅಂತ ನಾವು ಕೇಳಲಿಲ್ಲ.