ನಮ್ಮ ಕರಿಯ ಕಲಿತ ಪಾಠ

ನಾಯಿಗೆ ಮಾತು ಕೇಳೋದು ಕಲಿಸುವುದು ಪೇಟೆಯವರಿಗೆ ಶೋಕಿ ಇರಬಹುದು. ನಮ್ಮ ಸಕಲೇಶಪುರ, ಆಲೂರು ಕಡೆ ಹಾಗಲ್ಲ. ಕಾಫಿ ತೋಟದಲ್ಲಿ ಆನೆ ಕಂಡರೆ ನಾಯಿ ಬೊಗಳುತ್ತದೆ. ಆನೆ ಅಟ್ಟಿಸಿದರೆ ಅದು ಓಡಿ ಬರುವುದು ನಮ್ಮ ಹತ್ತಿರಕ್ಕೇ! ಹಿಂದೆ ಆನೆ. ಆದ್ದರಿಂದ ಬೊಗಳುವ ಮೊದಲೇ ಕರೆದರೆ ಬರಬೇಕು.

ಕರಿಯನಿಗೆ ನಾನು ‘ಬಾ’ ಎಂಬ ಒಂದೇ ಮಾತು ಕಲಿಸಿದೆ. ಬಂದ ಕೂಡಲೇ ಅಕ್ಕಿ ರೊಟ್ಟಿ ಚೂರು ಕೊಡಬೇಕು. ತಡ ಮಾಡಿದರೆ ಯಾಕೆ ಕೊಟ್ಟರು ಅಂತ ನಾಯಿಗೆ ತಿಳಿಯೋದಿಲ್ಲ. ಒಂದು ದಿನ ಸಿಟ್ಟು ಬಂದು ಹೊಡೆದೆ. ಆಮೇಲೆ ಎರಡು ದಿನ ‘ಬಾ’ ಅಂದರೆ ದೂರ ಓಡಿದ. ತಪ್ಪು ನನ್ನದೇ.

ಊಟಕ್ಕೆ ಮುಂಚೆ ದಿನಾ ಒಂದೇ ಸದ್ದು ಮಾಡಿದರೆ, ಕೊನೆಗೆ ಆ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆಂದು ರಷ್ಯಾದ ವಿಜ್ಞಾನಿ ಪಾವ್ಲೋವ್ ತೋರಿಸಿದರು. ಕರಿಯನಿಗೆ ಅವ್ವ ರೊಟ್ಟಿ ತಟ್ಟೋ ಸದ್ದೇ ಸಾಕು!

ನಮ್ಮ ರಾಜ್ಯದ ಮುಧೋಳ ನಾಯಿಗಳಿಗೆ 2016ರಲ್ಲಿ ಸೇನೆಯವರು ಮೀರತ್‌ನಲ್ಲಿ ತರಬೇತಿ ಕೊಟ್ಟರು. ನಮ್ಮದು ಬರೀ ಊರ ನಾಯಿ.

ಹೋದ ಶನಿವಾರ ಸಂಜೆ ತೋಟದಾಚೆ ಬಾಳೆ ಮುರಿಯುವ ಸದ್ದು ಕೇಳಿತು. ಕರಿಯ ಕಿವಿ ನಿಮಿರಿಸಿ ಗುರ್ ಅಂದ. ನಾನು ಮೆಲ್ಲಗೆ ‘ಬಾ’ ಅಂದೆ. ಬಂದ! ಬೊಗಳದೆ ನನ್ನ ಪಕ್ಕದಲ್ಲೇ ಮನೆವರೆಗೂ ನಡೆದ. ಅವತ್ತು ಅವ್ವ ಅವನಿಗೆ ಇಡೀ ರೊಟ್ಟಿ ಹಾಕಿದಳು.