ಹೆಣೆದ ಚೀಲ ಜೋತು ಬೀಳದಿರಲಿ

ಸಂತೆಗೆ ಒಯ್ಯಲು ಜಾಳಿಗೆ ಚೀಲ ಹೆಣೆಯುವ ಮನಸ್ಸಿದೆಯೇ? ಉಣ್ಣೆ ಬೇಡ, ಗಟ್ಟಿ ಹತ್ತಿ ನೂಲನ್ನೇ ಆರಿಸಿಕೊಳ್ಳಿ. ಒಂದು ಚೀಲಕ್ಕೆ ಸುಮಾರು 100 ಗ್ರಾಂ ಸಾಕು.

ತಳವನ್ನು 4 ಮಿ.ಮೀ. ಕಡ್ಡಿಯಲ್ಲಿ ಒತ್ತಾಗಿ ಹೆಣೆಯಿರಿ; ಆಲೂಗಡ್ಡೆಯ ಭಾರ ಬೀಳುವುದು ಅಲ್ಲೇ. ಮೇಲಿನ ಜಾಳಿಗೆಗೆ 6 ಮಿ.ಮೀ. ಕಡ್ಡಿ ಹಿಡಿಯಿರಿ. ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿ, ಮುಂದಿನ ಎರಡು ಕುಣಿಕೆಗಳನ್ನು ಸೇರಿಸಿ ಹೆಣೆದರೆ ತೂತು ಮೂಡುತ್ತದೆ. ಕುಣಿಕೆಗಳ ಲೆಕ್ಕವೂ ತಪ್ಪುವುದಿಲ್ಲ. ಸಾಲಿನುದ್ದಕ್ಕೂ ಹೀಗೇ ಮಾಡಿ, ಮುಂದಿನ ಸಾಲು ಸಾದಾ ಇರಲಿ.

ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗುವ ಗುಣವಿಲ್ಲ. ಖಾಲಿಯಿದ್ದಾಗ ಸೊಂಟದ ಮಟ್ಟಕ್ಕಿರುವ ಚೀಲ, ಎರಡು ಕಿಲೋ ಈರುಳ್ಳಿ ಬಿದ್ದೊಡನೆ ಮೊಣಕಾಲಿಗೆ ಇಳಿಯುತ್ತದೆ. ಹಾಗಾಗಿ ಬೇಕೆನಿಸಿದ್ದಕ್ಕಿಂತ ಗಿಡ್ಡಗೇ ನಿಲ್ಲಿಸಿ. ಹಿಡಿಗೆ ತೂತು ಬೇಡವೇ ಬೇಡ. ಮೂರು ಬೆರಳಗಲದ ದಟ್ಟ ಪಟ್ಟಿಯಾದರೆ ಹೆಗಲು ಕೊರೆಯದು.

ನೂಲು ಮುಗಿದಲ್ಲಿ ಬರೀ ಗಂಟು ಹಾಕಿ ಬಿಡಬೇಡಿ. ಗೇಣುದ್ದ ಬಿಟ್ಟು, ದಪ್ಪ ಸೂಜಿಯಿಂದ ಹೆಣಿಗೆಯೊಳಗೆ ನುಸುಳಿಸಿ. ಒಗೆದ ಮೇಲೆ ತಂತಿಗೆ ನೇತುಹಾಕದೆ ಹರಡಿ ಒಣಗಿಸಿ. ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂತಿನಿಂದ ಜಾರುತ್ತವೆ. ಅವಕ್ಕೊಂದು ಸಣ್ಣ ಬಟ್ಟೆ ಚೀಲ ಜೊತೆಗಿರಲಿ.

ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂದಿದೆ. ಹೆಣೆದದ್ದನ್ನು ಮಡಚಿ ಸ್ಕೂಟರಿನ ಡಿಕ್ಕಿಯಲ್ಲೇ ಇಟ್ಟುಬಿಡಿ. ಮನೆಯಲ್ಲಿ ಮರೆತು ಬಂದ ಚೀಲ ಎಷ್ಟು ಚೆಂದವಿದ್ದರೇನು?