ಮಗಳಿಗೆ ಸೂಜಿ, ನಿನಗೆ ಪರೀಕ್ಷೆ

ಮೊನ್ನೆ ಮಗಳ ಶಾಲೆಯಿಂದ ಬಂದ ಎಚ್‌ಪಿವಿ ಲಸಿಕೆಯ ಚೀಟಿಯನ್ನು ನೀನು ಫೋನಿನಲ್ಲಿ ಓದಿ ಹೇಳುತ್ತಿದ್ದಾಗ, ಪಕ್ಕದಲ್ಲಿ ನಿಮ್ಮತ್ತೆ ಅಂದದ್ದು ನನಗೂ ಕೇಳಿಸಿತು. "ನಮ್ಮನೆ ಹುಡುಗಿಗೆ ಅಂಥಾ ಸೂಜಿ ಯಾಕೆ? ನಾವೇನು ಅಂಥವರಾ?" ನೀನು ತಟ್ಟನೆ ಮಾತು ತಿರುಗಿಸಿ, ಐದು ಸೇರು ಮಾವಿನಕಾಯಿಗೆ ಉಪ್ಪೆಷ್ಟು ಹಾಕಬೇಕು ಅಂತ ಕೇಳಿದೆ. ನಾನೂ ಉಪ್ಪಿನ ಲೆಕ್ಕವನ್ನೇ ಹೇಳಿ ಫೋನಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ ಕಣಮ್ಮಾ, ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತನಾಲ್ಕು ವರ್ಷ ಊರೂರು ಅಲೆದು ಸೂಜಿ ಚುಚ್ಚಿದ ನರ್ಸಮ್ಮ ನಾನು. ಸೂಜಿಗೆ ಹೆದರಿದವರನ್ನು ಕಂಡಿದ್ದೇನೆ, ಸೂಜಿಗೆ ನಾಚಿದವರನ್ನು ಕಂಡದ್ದು ಈಗಲೇ. ಈ ಎಚ್‌ಪಿವಿ ವೈರಸ್ಸು ಗಂಡುಹೆಣ್ಣು ಕೂಡುವುದರಿಂದ ಹರಡುತ್ತದೆ ಅಂದಕೂಡಲೇ ಮಾತು ಆರೋಗ್ಯವನ್ನು ಬಿಟ್ಟು ನಡತೆಗೆ ಬಂದುಬಿಡುತ್ತದೆ. ನಿಮ್ಮತ್ತೆಗೆ ಒಂದು ಕೇಳು. ನಿನ್ನ ಮಗಳು ಹುಟ್ಟಿದಾಗ ಹಾಕಿದ ಮೊದಮೊದಲ ಲಸಿಕೆಗಳಲ್ಲಿ ಹೆಪಟೈಟಿಸ್-ಬಿ ಒಂದು, ಹಳೇ ಕಾರ್ಡು ತೆಗೆದು ನೋಡು. ಅದೂ ರಕ್ತದಿಂದ, ಕೂಡುವುದರಿಂದ ಹರಡುವ ಕಾಯಿಲೆಯೇ. ತೊಟ್ಟಿಲ ಕೂಸಿನ ನಡತೆ ವಿಚಾರಿಸಿ ಯಾರಾದರೂ ಬೇಡ ಅಂದರೇ? ಆಗ ಆ ಸೂಜಿಯನ್ನು ಕಾಮಾಲೆಯ ಲಸಿಕೆ ಅಂದೆವು, ಎಲ್ಲರೂ ತೊಡೆ ಒಡ್ಡಿಸಿದರು. ಹೆಸರಿನಲ್ಲೇ ಇರೋದು ನೋಡು ಎಲ್ಲ.

ಈ ವೈರಸ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆ. ಕೆಲವು ಕೈಕಾಲಿಗೆ ನರುಲಿ ಎಬ್ಬಿಸಿ ಸುಮ್ಮನಾಗುವಂಥವು. 16 ಮತ್ತು 18 ಅನ್ನುವ ಎರಡು ಬಗೆ ಹಾಗಲ್ಲ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿನಲ್ಲಿ 100ಕ್ಕೆ 70ರಷ್ಟು ಇವೆರಡರದೇ ಕೆಲಸ. ಸಂಸಾರ ಮಾಡಿದ ಹೆಚ್ಚಿನವರಿಗೆ, ಹೆಂಗಸಾಗಲಿ ಗಂಡಸಾಗಲಿ, ಯಾವುದಾದರೊಂದು ಬಗೆಯ ಎಚ್‌ಪಿವಿ ಒಮ್ಮೆ ತಗುಲಿಯೇ ಇರುತ್ತದೆ. ಒಬ್ಬನೇ ಗಂಡ, ಒಂದೇ ಮನೆ ಅಂತ ಬಾಳಿದವಳಿಗೂ ಬರಬಹುದು. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಮೈಯೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಸದ್ದಿಲ್ಲದೆ ಬೇರು ಬಿಟ್ಟು, ಹತ್ತು ಹದಿನೈದು ಇಪ್ಪತ್ತು ವರ್ಷ ಕಳೆದು ಕ್ಯಾನ್ಸರಾಗಿ ಕಾಣಿಸಿಕೊಳ್ಳುತ್ತದೆ. 2022ರ ಅಂದಾಜು ನೋಡಿದರೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಜನ ತೀರಿಕೊಂಡರು. ಅವರನ್ನೆಲ್ಲ ನಿಮ್ಮತ್ತೆ "ಅಂಥವರು" ಅನ್ನುತ್ತಾರೇನು?

ಅವರು ಅಂದರೂ ಅನ್ನಲಿ. ನಾನು ಅನ್ನಲಾರೆ, ಯಾಕೆಂದರೆ ನಿನ್ನ ದೊಡ್ಡಮ್ಮ ಹೋದದ್ದು ಇದರಿಂದಲೇ.

ನಿಮಗೆಲ್ಲ ಹೊಟ್ಟೇಲಿ ಗಡ್ಡೆ ಅಂತ ಹೇಳಿದ್ದೆವು. ನೀನಾಗ ಎಂಟನೇ ಕ್ಲಾಸು, 1998. ಅಕ್ಕನಿಗೆ ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಹಬ್ಬಕ್ಕೆ ಬಂದಾಗ ಹಿತ್ತಲಲ್ಲಿ, ಬಟ್ಟೆ ಒಗೆಯುತ್ತಾ, ತಲೆ ಎತ್ತದೆ ನನ್ನ ಹತ್ತಿರ ಹೇಳಿದಳು. ನಾನು ಏನಂದೆ ಗೊತ್ತೇ? "ಉಷ್ಣ ಕಣೇ, ಎಳನೀರು ಕುಡಿ." ಬಿಳಿ ಕೋಟು ಹಾಕಿದ ನರ್ಸಮ್ಮ ಅಂದ ಮಾತಿದು! ಎಂಟು ತಿಂಗಳು ಎಳನೀರು ಕುಡಿದಳು. ಬಿಳುಪು ಹೋಗುತ್ತಿತ್ತು, ವಾಸನೆ ಬರುತ್ತಿತ್ತು, ಯಾರಿಗೂ ಗೊತ್ತಾಗದ ಹಾಗೆ ಬಟ್ಟೆಯನ್ನು ಬೇರೆ ಒಗೆದು ಕೊಟ್ಟಿಗೆಯ ಹಿಂದೆ ಒಣಗಿಸುತ್ತಿದ್ದಳು. ಸೊಂಟ ನೋವು ತಡೆಯಲಾರದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಮೂರನೇ ಹಂತ. ಕರೆಂಟು (ರೇಡಿಯೇಶನ್) ಕೊಟ್ಟರು. ಆರು ತಿಂಗಳು ಇದ್ದಳು. ಕೊನೆಯವರೆಗೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಈ ಕ್ಯಾನ್ಸರಿಗೆ ಎಚ್‌ಪಿವಿಯೇ ಕಾರಣ ಅಂತ ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ ನೊಬೆಲ್ ಬಂದದ್ದು 2008ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ಶಾಲೆಯ ಹುಡುಗಿಯರಿಗೆ ಸೂಜಿ ಹಾಕಲು ಶುರುಮಾಡಿದರು. 12-13ನೇ ವಯಸ್ಸಿನಲ್ಲಿ ಹಾಕಿಸಿಕೊಂಡವರು ದೊಡ್ಡವರಾದ ಮೇಲೆ ಲೆಕ್ಕ ತೆಗೆದರು. ಕಾಯಿಲೆ 100ಕ್ಕೆ 87ರಷ್ಟು ಕಡಿಮೆಯಾಗಿತ್ತು. ಇಷ್ಟು ಚಿಕ್ಕವಳಿಗೆ ಯಾಕೆ ಅಂತ ನಿನ್ನ ಯಜಮಾನರು ಕೇಳಿದರಂತಲ್ಲ, ಕಾರಣ ಇದೇ. ವೈರಸ್ಸು ಮೈ ಸೇರುವ ಮುಂಚೆ ಹಾಕಿದರೇ ಸೂಜಿಗೆ ಪೂರ್ತಿ ಬಲ. ಸೇರಿದ ವೈರಸ್ಸನ್ನು ಅದು ಓಡಿಸುವುದಿಲ್ಲ. ಮದುವೆ ಗೊತ್ತಾದ ಮೇಲೆ ನೋಡೋಣ ಅಂದರೆ, ಮಳೆ ಹುಯ್ಯುವಾಗ ಹೆಂಚು ಹೊದಿಸಲು ಹತ್ತಿದ ಹಾಗೆ.

ಅನುಮಾನ ಪಡುವವರನ್ನು ನಾನು ದಡ್ಡರು ಅನ್ನುವುದಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ ಈ ಲಸಿಕೆಯ ಪ್ರಯೋಗದ ಯೋಜನೆ ನಡೆಯಿತು. ಎಷ್ಟೋ ಕಡೆ ಅಪ್ಪ ಅಮ್ಮನಿಗೆ ತಿಳಿಸದೆ ಹಾಸ್ಟೆಲ್ ವಾರ್ಡನ್ನುಗಳೇ ಸಹಿ ಹಾಕಿದ್ದರು. ಏಳು ಹುಡುಗಿಯರು ಸತ್ತರು, 2010ರಲ್ಲಿ ಯೋಜನೆ ನಿಂತಿತು. ತನಿಖೆಯಲ್ಲಿ ಸಾವಿಗೆ ಲಸಿಕೆ ಕಾರಣವೆಂದು ಕಾಣಲಿಲ್ಲ. ಹಾವು ಕಡಿದು, ನೀರಿಗೆ ಬಿದ್ದು, ವಿಷ ಕುಡಿದು ಸತ್ತವರೂ ಅದರಲ್ಲಿದ್ದರು. ಆದರೂ ಬಡವರ ಮಕ್ಕಳಿಗೆ ಕೇಳದೆ ಚುಚ್ಚಿದ್ದು ತಪ್ಪೇ ತಪ್ಪು, ನಾನು ಅದನ್ನು ಒರೆಸಿಹಾಕುವುದಿಲ್ಲ. ಆ ಗಲಾಟೆಯಿಂದಲೇ ದೇಶದಲ್ಲಿ ಬೇರೆ ಕಡೆ ನಡೆಯುತ್ತಿದ್ದ ಒಂದು ಅಧ್ಯಯನವೂ ನಡುವೆ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿ ಉಳಿದದ್ದು ಸಿಗಲಿಲ್ಲ. ಹತ್ತು ವರ್ಷ ಅವರ ಮೇಲೆ ಕಣ್ಣಿಟ್ಟು ನೋಡಿದರೆ, ಒಂದೇ ಡೋಸು ಎರಡು ಮೂರು ಡೋಸಿನಷ್ಟೇ ಕಾಪಾಡಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 9ರಿಂದ 20 ವರ್ಷದವರಿಗೆ ಒಂದು ಡೋಸೂ ಸಾಕು ಅಂದದ್ದರ ಹಿಂದೆ ನಮ್ಮ ಹುಡುಗಿಯರ ತೋಳೂ ಇದೆ.

ಈ ಸೂಜಿ ಹಾಕಿಸಿದರೆ ಮಕ್ಕಳಾಗುವುದಿಲ್ಲ ಅನ್ನುವ ವಾಟ್ಸಾಪ್ ಬಂದಿದೆ ಅಂತ ನೀನು ಅಂದೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಸೂಜಿ ಹಾಕಿದಾಗಲೂ ಅದೇ ವಾಟ್ಸಾಪ್ ಬಂದಿತ್ತು. ಪೋಲಿಯೊ ಹನಿಯ ಕಾಲದಲ್ಲಿ ಬಾಯಿಂದ ಬಾಯಿಗೆ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಈ ಸೂಜಿಯಲ್ಲಿ ಜೀವಂತ ವೈರಸ್ಸಿಲ್ಲ, ಅದರ ಹೊರಕವಚವನ್ನು ಹೋಲುವ ಪ್ರೋಟೀನಿದೆ. ಗರ್ಭಕ್ಕೆ ಅದರಿಂದ ಏನೂ ಆಗದು.

ಚೀಟಿಗೆ ಸಹಿ ಹಾಕುವ ಮುಂಚೆ ಯಾವ ಕಂಪನಿಯದು, ಎಷ್ಟು ಡೋಸು ಅಂತ ಕೇಳು. ನಮ್ಮ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ, 16 ಮತ್ತು 18 ಎರಡಕ್ಕೂ ಆಗುತ್ತದೆ. ಹೊರದೇಶದ ಒಂಬತ್ತು ಬಗೆಯದು ಬಲು ದುಬಾರಿ, ಅದೇ ಬೇಕು ಅಂತ ಸಾಲ ಮಾಡಬೇಡ. ಊರಿನ ಪಿಎಚ್‌ಸಿಯಲ್ಲೂ, ಆಶಾ ಕಾರ್ಯಕರ್ತೆಯ ಹತ್ತಿರವೂ ವಿಚಾರಿಸು. ಆ ದಿನ ಹುಡುಗಿ ತಿಂಡಿ ತಿಂದೇ ಹೋಗಲಿ, ಸಡಿಲ ತೋಳಿನ ಬಟ್ಟೆ ಹಾಕಲಿ. ಚುಚ್ಚಿಸಿಕೊಂಡು ಹದಿನೈದು ನಿಮಿಷ ಕೂರಲಿ. ಈ ವಯಸ್ಸಿನವರಿಗೆ ಸೂಜಿ ಕಂಡರೇ ತಲೆ ತಿರುಗುತ್ತದೆ, ಒಬ್ಬಳು ಬಿದ್ದರೆ ಸಾಲಾಗಿ ನಾಲ್ವರು ಬೀಳುತ್ತಾರೆ, ನಾನು ನೋಡದ್ದೇ! ತೋಳು ನೋಯುತ್ತದೆ, ಸ್ವಲ್ಪ ಜ್ವರ ಬರಬಹುದು. ಯಾಕಮ್ಮಾ ಈ ಸೂಜಿ ಅಂತ ಅವಳು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ನಾವು ಮುಚ್ಚಿಟ್ಟು ಗಳಿಸಿದ್ದೇನು ಅಂತ ಮೇಲೆ ಬರೆದಿದ್ದೇನೆ.

ಈಗ ನಿನ್ನ ವಿಷಯ. ನಲವತ್ತು ದಾಟಿದೆ, ನಿನಗೆ ಸೂಜಿಗಿಂತ ಗರ್ಭಕೋಶದ ಬಾಯಿಯ ಪರೀಕ್ಷೆ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು 100ಕ್ಕೆ ಇಬ್ಬರೂ ಇರಲಿಲ್ಲ. ಎಲ್ಲರಿಗೂ ಮಗಳ ಪರೀಕ್ಷೆಯದೇ ಚಿಂತೆ. ನಮ್ಮ ಕಡೆ ವಿನೆಗರ್ ತರಹದ ದ್ರಾವಣ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಕ್ಯಾನ್ಸರಾಗುವ ಮುಂಚೆಯೇ ಸಿಕ್ಕಿದರೆ ಅಲ್ಲೇ ಸುಟ್ಟು ತೆಗೆಯಬಹುದು. ಪ್ಯಾಪ್ ಸ್ಮಿಯರ್ ಇದೆ, ಎಚ್‌ಪಿವಿ ಪರೀಕ್ಷೆಯೂ ಇದೆ, ಯಾವುದು ಸಿಕ್ಕಿದರೂ ಬಿಡಬೇಡ. ಮಗಳೂ ಸೂಜಿ ಹಾಕಿಸಿಕೊಂಡ ಮಾತ್ರಕ್ಕೆ ಮೂವತ್ತರ ಮೇಲೆ ಇದನ್ನು ಬಿಡುವ ಹಾಗಿಲ್ಲ, ಸೂಜಿ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ. ಮುಟ್ಟಿನ ದಿನ ಬಿಟ್ಟು ಹೋಗು, ಲೇಡಿ ಡಾಕ್ಟರನ್ನು ಕೇಳು. ಚೂಡಿದಾರ ಬೇಡ, ಸೀರೆ ಉಟ್ಟು ಹೋಗು, ಟೇಬಲ್ಲಿನ ಮೇಲೆ ಮರ್ಯಾದೆ ಉಳಿಯುತ್ತದೆ.

ಬರುವ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಜೊತೆಗೇ ಹೋಗೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಅರವತ್ತೈದರವರೆಗೂ ನೋಡುತ್ತಾರೆ. ನಿಮ್ಮತ್ತೆಗೆ ಅರವತ್ತೆರಡಲ್ಲವೇ? ಅವರಿಗೂ ಒಂದು ಸೀರೆ ತೆಗೆದಿಡು. ಏನೂ ಅನ್ನಬೇಡ, ನಾನು ಬಂದು ಮಾತಾಡುತ್ತೇನೆ.